1914ರ ಒಬ್ಬ ರೋಗಿ, 17ನೇ ವರ್ಣತಂತುವಿನ ಒಂದು ಅಕ್ಷರ

ಕೆಲವು ವೈಜ್ಞಾನಿಕ ಪ್ರಬಂಧಗಳ ಶೀರ್ಷಿಕೆ ಓದಿದರೆ ಇಸವಿಗಳ ಲೆಕ್ಕವೇ ತಪ್ಪಿದೆಯೇನೋ ಅನ್ನಿಸುತ್ತದೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ ನಿಯತಕಾಲಿಕದಲ್ಲಿ 2017ರಲ್ಲಿ ಬಂದ ಒಂದು ಪ್ರಬಂಧ ಅಂಥದ್ದು. ಕಾರ್ನೀ ಕಾಂಪ್ಲೆಕ್ಸ್ ಎಂಬ ಕಾಯಿಲೆಯ, ನಮಗೆ ತಿಳಿದಿರುವ ಮೊಟ್ಟಮೊದಲ ರೋಗಿಗೆ ಚಿಕಿತ್ಸೆ ಮಾಡಿದವರು ಹಾರ್ವಿ ಕಶಿಂಗ್ ಎಂದು ಅದು ಸಾರುತ್ತದೆ. ಕಶಿಂಗ್ ತೀರಿಕೊಂಡದ್ದು 1939ರಲ್ಲಿ. ಆ ಕಾಯಿಲೆಯ ಲಕ್ಷಣಗಳನ್ನೆಲ್ಲ ಒಂದೇ ರೋಗವಾಗಿ ಕೂಡಿಸಿ ಬರೆದದ್ದು 1985ರಲ್ಲಿ. ಅದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 2000ದಲ್ಲಿ.

ಈ ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಪ್ರಬಂಧ ನೆಚ್ಚಿಕೊಂಡಿದ್ದ ಹಳೆಯ ಬರಹಗಳನ್ನು, ಆ ಬರಹಗಳು ನೆಚ್ಚಿಕೊಂಡಿದ್ದ ಇನ್ನೂ ಹಳೆಯವನ್ನು ಹಿಂದಕ್ಕೆ ಓದುತ್ತಾ ಹೋದೆ. ಹುಡುಕಾಟದ ಮಧ್ಯದಲ್ಲಿ ಇದ್ದದ್ದು ಒಂದು ಜೀನ್. ಹೆಸರು ಪಿಆರ್‌ಕೆಎಆರ್1ಎ. ನಮ್ಮ 17ನೇ ವರ್ಣತಂತುವಿನ ಉದ್ದ ತೋಳಿನಲ್ಲಿ ಅದರ ವಾಸ. ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಹದ್ದಿನಲ್ಲಿಡುವ ಉಪಘಟಕವೊಂದನ್ನು ತಯಾರಿಸುವ ಸೂಚನೆ ಅದರಲ್ಲಿದೆ. ಈ ಒಂದು ಜೀನನ್ನು ಹಲವು ಊರುಗಳಲ್ಲಿ ಹಲವು ಜನ, ಪರಸ್ಪರರ ಪರಿಚಯವಿಲ್ಲದೆ, ಬೇರೆ ಬೇರೆ ಬಾಗಿಲುಗಳಿಂದ ತಲುಪಿದ್ದಾರೆ. ಒಬ್ಬರಂತೂ ಅದರ ಇರವೇ ಯಾರಿಗೂ ತಿಳಿಯದ ಕಾಲದಲ್ಲಿ, ಅದು ಮಾಡಿದ ಹಾನಿಯನ್ನು ಕಣ್ಣಾರೆ ಕಂಡು ಬರೆದಿಟ್ಟು ಹೋಗಿದ್ದಾರೆ.

ಮೊದಲು ಕಶಿಂಗ್ ಅವರ ವಿಷಯ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲೂ ಆಮೇಲೆ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲೂ ಕೆಲಸ ಮಾಡಿದ ಅವರು ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಸ್ವತಂತ್ರ ವಿದ್ಯೆಯಾಗಿ ಕಟ್ಟಿ ನಿಲ್ಲಿಸಿದವರು. ಪರೀಕ್ಷೆಯಿಂದ ದೃಢಪಟ್ಟ 2,000ನೇ ಮಿದುಳು ಗೆಡ್ಡೆಗೆ ಅವರು ಶಸ್ತ್ರಚಿಕಿತ್ಸೆ ಮಾಡಿದ್ದು 1931ರ ಏಪ್ರಿಲ್ 15ರಂದು. ಆದರೆ ಈ ಕಥೆಗೆ ಮುಖ್ಯವಾದದ್ದು ಅವರ ಕೈಚಳಕಕ್ಕಿಂತ ಅವರ ಕೂಡಿಡುವ ಸ್ವಭಾವ. ವೃತ್ತಿಯ ಆರಂಭದ ವರ್ಷಗಳಲ್ಲಿ ಅವರ ರೋಗಿಯೊಬ್ಬರ ಗೆಡ್ಡೆಯ ಮಾದರಿ ಪ್ರಯೋಗಾಲಯದಲ್ಲಿ ಎಲ್ಲೋ ಕಳೆದುಹೋಯಿತು. ಅಲ್ಲಿಂದ ಮುಂದೆ ತನ್ನ ರೋಗಿಗಳ ಮಾದರಿಗಳೆಲ್ಲ ತನ್ನ ಬಳಿಯೇ ಇರಬೇಕೆಂದು ಅವರು ಹಟ ಹಿಡಿದರು. ರೋಗಿಯ ಚಿತ್ರ, ರೋಗದ ಚರಿತ್ರೆ, ಶಸ್ತ್ರಚಿಕಿತ್ಸೆಯ ರೇಖಾಚಿತ್ರ, ತೆಗೆದ ಗೆಡ್ಡೆ, ಸಾವಿನ ನಂತರದ ಪರೀಕ್ಷೆಯ ವರದಿ, ಎಲ್ಲವೂ ಒಂದೇ ಕಡೆ ಸೇರತೊಡಗಿದವು. ಆಸ್ಪತ್ರೆ ಬಿಟ್ಟು ಹೋದ ರೋಗಿಗಳಿಗೂ ಅವರು ಪತ್ರ ಬರೆದು ಆರೋಗ್ಯ ವಿಚಾರಿಸುತ್ತಿದ್ದರು. ಒಬ್ಬ ಮನುಷ್ಯನ ಕಾಯಿಲೆಗೆ ಆರಂಭ, ಮಧ್ಯ, ಕೊನೆ ಮೂರೂ ಇರುತ್ತವೆ, ಮೂರನ್ನೂ ಬರೆದಿಡಬೇಕು ಅನ್ನುವುದು ಅವರ ಪದ್ಧತಿಯಲ್ಲೇ ಅಡಗಿತ್ತು.

1910ರ ಡಿಸೆಂಬರಿನಲ್ಲಿ ಹಾಪ್ಕಿನ್ಸ್ ಆಸ್ಪತ್ರೆಗೆ 23 ವರ್ಷದ ಒಬ್ಬ ಯುವತಿ ದಾಖಲಾದಳು. ರಷ್ಯಾ ಮೂಲದವಳು. ವೈದ್ಯಕೀಯ ಸಾಹಿತ್ಯದಲ್ಲಿ ಆಕೆಯ ಹೆಸರು ಮಿನ್ನೀ ಜಿ. ಎಂದಷ್ಟೇ ಉಳಿದಿದೆ. ನೋವಿನಿಂದ ಕೂಡಿದ ಬೊಜ್ಜು, ವರ್ಷಗಟ್ಟಲೆ ನಿಂತುಹೋದ ಮುಟ್ಟು, ಮೈಮೇಲೆಲ್ಲ ಅತಿಯಾಗಿ ಬೆಳೆದ ಕೂದಲು, ತಲೆನೋವು. ಇದಕ್ಕೆಲ್ಲ ಒಂದೇ ಮೂಲ ಇರಬೇಕು ಅನ್ನುವುದು ಕಶಿಂಗ್ ಅವರಿಗೆ ಹೊಳೆದಿತ್ತು, ಆದರೆ ಯಾವ ಗ್ರಂಥಿಯಲ್ಲಿ ಅನ್ನುವುದು ನಿಶ್ಚಯವಾಗಿರಲಿಲ್ಲ. ಪಿಟ್ಯುಟರಿ ಗ್ರಂಥಿಯ ರೋಗಗಳ ಬಗ್ಗೆ 1912ರಲ್ಲಿ ತಂದ ಪುಸ್ತಕದಲ್ಲಿ ಆಕೆಯನ್ನು 45ನೇ ರೋಗಿಯಾಗಿ ಸೇರಿಸಿ, ಹಲವು ಗ್ರಂಥಿಗಳ ತೊಂದರೆ ಎಂದು ಎಚ್ಚರದಿಂದ ಕರೆದರು. ಇಪ್ಪತ್ತು ವರ್ಷಗಳ ನಂತರ, 1932ರಲ್ಲಿ, ಅಂಥದೇ ಲಕ್ಷಣಗಳಿದ್ದ 12 ರೋಗಿಗಳನ್ನು ಒಟ್ಟಿಗೆ ಇಟ್ಟು ಬರೆದ ಪ್ರಬಂಧದಲ್ಲಿ, ಪಿಟ್ಯುಟರಿಯ ಸಣ್ಣ ಗೆಡ್ಡೆಯೊಂದು ಇದಕ್ಕೆ ಕಾರಣ ಎಂಬ ವಾದ ಮಂಡಿಸಿದರು. ಕಶಿಂಗ್ ಸಿಂಡ್ರೋಮ್ ಎಂದು ಇವತ್ತು ಎಲ್ಲ ವೈದ್ಯ ವಿದ್ಯಾರ್ಥಿಗಳೂ ಕಲಿಯುವ ಕಾಯಿಲೆ ಇದೇ. ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಮಿತಿಮೀರಿ ಹೆಚ್ಚುವುದರಿಂದ ಇದು ಬರುತ್ತದೆ ಅನ್ನುವುದು ಆಮೇಲೆ ತಿಳಿಯಿತು.

ಒಂದು ಸಂಗತಿ ಮಾತ್ರ ಹೊಂದುತ್ತಿರಲಿಲ್ಲ. ಆ ಕಾಲದಲ್ಲಿ ಕಶಿಂಗ್ ಸಿಂಡ್ರೋಮಿಗೆ ಚಿಕಿತ್ಸೆ ಸಿಗದವರು ಹೆಚ್ಚಾಗಿ ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಿದ್ದರು. ಆದರೆ ಮಿನ್ನೀ ಜಿ. 1932ರಲ್ಲೂ ಬದುಕಿದ್ದಳು, ಅದೂ ತಕ್ಕಮಟ್ಟಿನ ಆರೋಗ್ಯದಲ್ಲಿ. ಆಕೆಯ ಪಿಟ್ಯುಟರಿಯನ್ನಾಗಲಿ ಅಡ್ರಿನಲ್ ಗ್ರಂಥಿಯನ್ನಾಗಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿರಲಿಲ್ಲ. ರೋಗಕ್ಕೆ ಹೆಸರು ಬರಲು ಕಾರಣಳಾದವಳಲ್ಲಿ ಆ ಹೆಸರಿನ ಹಿಂದಿದ್ದ ಗೆಡ್ಡೆಯನ್ನು ಯಾರೂ ಕಂಡಿರಲಿಲ್ಲ.

ಇಲ್ಲಿಂದ ಅರ್ಧ ಶತಮಾನ ದಾಟಿ, ಮಿನೆಸೋಟಾ ರಾಜ್ಯದ ರೋಚೆಸ್ಟರಿನಲ್ಲಿರುವ ಮೇಯೋ ಕ್ಲಿನಿಕ್‌ಗೆ ಬರಬೇಕು. ಅಲ್ಲಿ ಐಡನ್ ಕಾರ್ನೀ ಎಂಬ, ಐರ್ಲೆಂಡ್ ಮೂಲದ ರೋಗಶಾಸ್ತ್ರಜ್ಞರಿದ್ದರು. ಪೆಥಾಲಜಿಯವರ ಕೆಲಸ ರೋಗಿಯ ಮುಖ ನೋಡದೆ ನಡೆಯುವಂಥದ್ದು. ಅವರ ಮೇಜಿಗೆ ಬರುವುದು ಗಾಜಿನ ಸ್ಲೈಡು, ಜೊತೆಗೊಂದು ಚೀಟಿ. ಕಾರ್ನೀ ಅವರ ಗಮನ ಸೆಳೆದದ್ದು ಕಶಿಂಗ್ ಸಿಂಡ್ರೋಮ್ ಇದ್ದ ಕೆಲವು ಕಿರಿಯ ವಯಸ್ಸಿನವರ ಅಡ್ರಿನಲ್ ಗ್ರಂಥಿಗಳು. ಕಾರ್ಟಿಸಾಲ್ ಹೆಚ್ಚಾಗಿರುವಾಗ ಗ್ರಂಥಿ ಊದಿರಬೇಕು ಅಥವಾ ಅದರಲ್ಲಿ ದೊಡ್ಡ ಗೆಡ್ಡೆ ಇರಬೇಕು. ಇವರಲ್ಲಿ ಗ್ರಂಥಿಗಳು ಸಾಮಾನ್ಯ ಗಾತ್ರದವೇ, ಕೆಲವೊಮ್ಮೆ ಅದಕ್ಕಿಂತ ಚಿಕ್ಕವು. ಕತ್ತರಿಸಿ ನೋಡಿದರೆ ಒಳಗೆಲ್ಲ ಕಂದು, ಕಪ್ಪು ಬಣ್ಣದ ಪುಟ್ಟ ಗಂಟುಗಳು. ಎರಡೂ ಗ್ರಂಥಿಗಳಲ್ಲಿ ಹಾಗೆಯೇ. 1984ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಇದನ್ನು ಪ್ರತ್ಯೇಕ ಅಡ್ರಿನಲ್ ರೋಗವಾಗಿ ವರ್ಣಿಸಿದರು.

ಮುಂದಿನ ಹೆಜ್ಜೆಯೇ ಅವರ ದೊಡ್ಡ ಕೊಡುಗೆ ಎಂದು ನನಗನ್ನಿಸುತ್ತದೆ. ಈ ಗ್ರಂಥಿಗಳ ಒಡೆಯರ ಉಳಿದ ಕಡತಗಳನ್ನು ತೆರೆದು ನೋಡಿದಾಗ ಸಂಬಂಧವೇ ಇಲ್ಲದಂತೆ ಕಾಣುವ ಸಂಗತಿಗಳು ಮತ್ತೆ ಮತ್ತೆ ಎದುರಾದವು. ತುಟಿಯ ಮೇಲೆ, ರೆಪ್ಪೆಗಳ ಮೇಲೆ ಕಂದು ಚುಕ್ಕೆಗಳು. ಹೃದಯದ ಕೋಣೆಯೊಳಗೆ ಲೋಳೆಯಂಥ ಗೆಡ್ಡೆ, ಅಂದರೆ ಮಿಕ್ಸೋಮಾ. ಚರ್ಮದಲ್ಲೂ ಸ್ತನದಲ್ಲೂ ಅದೇ ಬಗೆಯ ಗೆಡ್ಡೆಗಳು. ಪಿಟ್ಯುಟರಿ, ಥೈರಾಯ್ಡ್, ವೃಷಣಗಳ ತೊಂದರೆ. ಚರ್ಮರೋಗ ತಜ್ಞರ ಬಳಿ ಹೋದವರ ಚುಕ್ಕೆ ಅಲ್ಲೇ ದಾಖಲಾಗಿತ್ತು, ಹೃದಯ ತಜ್ಞರ ಬಳಿ ಹೋದವರ ಮಿಕ್ಸೋಮಾ ಅಲ್ಲೇ ಉಳಿದಿತ್ತು. ಚುಕ್ಕೆ ಮತ್ತು ಹೃದಯದ ಗೆಡ್ಡೆ ಒಟ್ಟಿಗಿರುವುದನ್ನು ಕಂಡ ಕೆಲವರು 1980ರಲ್ಲೂ 1984ರಲ್ಲೂ ಅದಕ್ಕೆ ಎರಡು ಬೇರೆ ಬೇರೆ ಸಂಕ್ಷಿಪ್ತ ಹೆಸರುಗಳನ್ನು ಕೊಟ್ಟಿದ್ದರು. 1985ರಲ್ಲಿ ಕಾರ್ನೀ ಮತ್ತು ಸಂಗಡಿಗರು 40 ರೋಗಿಗಳ ಮಾಹಿತಿ ಒಟ್ಟುಗೂಡಿಸಿ, ಮಿಕ್ಸೋಮಾ, ಚರ್ಮದ ಚುಕ್ಕೆ, ಗ್ರಂಥಿಗಳ ಅತಿಚಟುವಟಿಕೆ ಈ ಮೂರೂ ಒಂದೇ ರೋಗದ ಮುಖಗಳೆಂದು ತೋರಿಸಿದರು. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಅನ್ನುವುದೂ ಕುಟುಂಬಗಳ ಅಧ್ಯಯನದಿಂದ ಸ್ಪಷ್ಟವಾಯಿತು.

ಇದರಲ್ಲಿ ಜೀವಕ್ಕೆ ಎರವಾಗುವುದು ಹೃದಯದ ಗೆಡ್ಡೆ. ಸಾಮಾನ್ಯ ಮಿಕ್ಸೋಮಾ ನಡುವಯಸ್ಸಿನವರಲ್ಲಿ, ಹೃದಯದ ಎಡ ಮೇಲ್ಕೋಣೆಯಲ್ಲಿ, ಒಂದೇ ಒಂದಾಗಿ ಕಾಣಿಸಿಕೊಳ್ಳುತ್ತದೆ. ಒಮ್ಮೆ ತೆಗೆದರೆ ಸಾಧಾರಣವಾಗಿ ಮುಗಿಯಿತು. ಕಾರ್ನೀ ಕಾಂಪ್ಲೆಕ್ಸಿನಲ್ಲಿ ಅದು ಎಳೆಯ ವಯಸ್ಸಿನಲ್ಲೂ ಬರಬಹುದು, ಯಾವ ಕೋಣೆಯಲ್ಲಾದರೂ ಬೆಳೆಯಬಹುದು, ತೆಗೆದ ಮೇಲೆ ಮತ್ತೆ ಹುಟ್ಟಬಹುದು. ಅದರ ತುಣುಕೊಂದು ಕಳಚಿ ರಕ್ತದಲ್ಲಿ ಮಿದುಳಿಗೆ ಹರಿದರೆ ಪಾರ್ಶ್ವವಾಯು. ತುಟಿಯ ಮೇಲಿನ ಚುಕ್ಕೆಯನ್ನು ಗುರುತಿಸಿದ ವೈದ್ಯರು ಹೃದಯದ ಸ್ಕ್ಯಾನಿಂಗ್ ಮಾಡಿಸುವಂತೆ ಹೇಳಿದರೆ ಒಂದು ಜೀವ ಉಳಿಯಬಹುದು ಅನ್ನುವಷ್ಟು ನೇರ ಸಂಬಂಧ ಇದು.

ಇದೇ ಕಾರ್ನೀ 1995ರಲ್ಲಿ ಒಂದು ವಿಶಿಷ್ಟ ಪ್ರಬಂಧ ಬರೆದರು. ಶಸ್ತ್ರಚಿಕಿತ್ಸಾ ರೋಗಶಾಸ್ತ್ರದ ಪತ್ರಿಕೆಯಲ್ಲಿ ಬಂದ ಅದರ ವಸ್ತು ಮಿನ್ನೀ ಜಿ.ಯ ಹುಡುಕಾಟ, ಆಕೆಯ ಕಾರ್ಟಿಸಾಲ್ ಏಕೆ ಹೆಚ್ಚಿತ್ತು ಎಂಬ ಪ್ರಶ್ನೆ. ಎಂಬತ್ತೈದು ವರ್ಷಗಳ ಹಿಂದೆ ಆಸ್ಪತ್ರೆಗೆ ಬಂದಿದ್ದ ಒಬ್ಬ ವಲಸೆ ಹೆಣ್ಣುಮಗಳ ಜಾಡು ಹಿಡಿಯಲು ಸ್ಲೈಡು ನೋಡುವ ತಜ್ಞರೊಬ್ಬರು ಹಳೆಯ ಕಡತಗಳ ಬೆನ್ನು ಹತ್ತಿದ್ದರು. ಕಶಿಂಗ್ ಬರೆದ ನಂತರವೂ ಆಕೆ ದಶಕಗಳ ಕಾಲ ಬಾಳಿದ್ದಳು. ಅಷ್ಟು ದೀರ್ಘವಾಗಿ ಬದುಕಿದವಳಿಗೆ ಇದ್ದದ್ದು ಪಿಟ್ಯುಟರಿ ಗೆಡ್ಡೆಯಾಗಿರದೆ, ತಾವು ವರ್ಣಿಸಿದ್ದ ಆ ಕಂದು ಗಂಟುಗಳ ಅಡ್ರಿನಲ್ ರೋಗವೇ ಆಗಿರಬಹುದೇ ಎಂದು ಕಾರ್ನೀ ಕೇಳಿದರು. ಆ ರೋಗದಲ್ಲಿ ಕಾರ್ಟಿಸಾಲ್ ಏರಿಳಿಯುತ್ತದೆ, ಕೆಲವೊಮ್ಮೆ ತಾನಾಗಿಯೇ ತಣಿಯುತ್ತದೆ. ಪ್ರಶ್ನೆ ಬಲವಾಗಿದೆ. ಆದರೆ ಸಾಬೀತು ಮಾಡಲು ಬೇಕಾದ ಗ್ರಂಥಿಯ ತುಣುಕು ಕೈಯಲ್ಲಿರಲಿಲ್ಲ, ಮತ್ತು 1995ರಲ್ಲಿ ಹುಡುಕಬೇಕಾದ ಜೀನ್ ಯಾವುದೆಂದೂ ತಿಳಿದಿರಲಿಲ್ಲ.

ಜೀನ್‌ಗಾಗಿ ಹುಡುಕಾಟ ಆಗಲೇ ಶುರುವಾಗಿತ್ತು. ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕಾನ್‌ಸ್ಟಂಟೈನ್ ಸ್ಟ್ರಟಾಕಿಸ್ ಅವರ ಗುಂಪು ಕಾರ್ನೀ ಅವರ ಜೊತೆಗೂಡಿ ಕುಟುಂಬಗಳ ರಕ್ತದ ಮಾದರಿ ಸಂಗ್ರಹಿಸುತ್ತಿತ್ತು. 1996ರಲ್ಲಿ ಅವರ ಲೆಕ್ಕಾಚಾರ 2ನೇ ವರ್ಣತಂತುವಿನ ಗಿಡ್ಡ ತೋಳಿನ ಕಡೆ ಬೆರಳು ಮಾಡಿತು. 1998ರಲ್ಲಿ ಕ್ರೇಗ್ ಬ್ಯಾಸನ್ ಅವರ ನ್ಯೂಯಾರ್ಕಿನ ಗುಂಪು ಬೇರೆ ಕುಟುಂಬಗಳನ್ನು ಪರೀಕ್ಷಿಸಿ 17ನೇ ವರ್ಣತಂತುವಿನ ಕಡೆ ತೋರಿಸಿತು. ರೋಗ ಒಂದು, ವಿಳಾಸ ಎರಡು. ಇಬ್ಬರ ಲೆಕ್ಕವೂ ಸರಿಯಾಗಿತ್ತು. ಎಲ್ಲ ಕುಟುಂಬಗಳಲ್ಲೂ ಒಂದೇ ಜೀನ್ ಕೆಟ್ಟಿರಬೇಕೆಂದೇನೂ ಇಲ್ಲ.

17ನೇ ವರ್ಣತಂತುವಿನ ಆ ಭಾಗದಲ್ಲಿ ಜೀನ್‌ಗಳು ಅನೇಕ. ಯಾವುದನ್ನು ಮೊದಲು ಓದಬೇಕು? ಸ್ಟ್ರಟಾಕಿಸ್ ಗುಂಪಿಗೆ ದಾರಿ ತೋರಿದ್ದು ಹೋಲಿಕೆಯ ವಿವೇಕ. ಚರ್ಮದ ಮೇಲೆ ಕಂದು ಮಚ್ಚೆ, ಹಲವು ಗ್ರಂಥಿಗಳ ಅತಿಚಟುವಟಿಕೆ ಇರುವ ಇನ್ನೊಂದು ಕಾಯಿಲೆ ಮೆಕ್ಯೂನ್–ಆಲ್ಬ್ರೈಟ್ ಸಿಂಡ್ರೋಮ್. ಅದರಲ್ಲಿ ಕೆಟ್ಟಿರುವುದು ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಅಣುವಿನ ಮಾರ್ಗ ಎಂದು 1991ರಲ್ಲೇ ಗೊತ್ತಾಗಿತ್ತು. ಮೇಲಾಗಿ ಕಾರ್ನೀ ರೋಗಿಗಳ ದೇಹ ಹಾರ್ಮೋನು ಪರೀಕ್ಷೆಗಳಿಗೆ ತಿರುಗಾಮುರುಗಾ ಉತ್ತರ ಕೊಡುತ್ತಿತ್ತು: ಕಾರ್ಟಿಸಾಲ್ ಇಳಿಸಬೇಕಾದ ಡೆಕ್ಸಾಮೆಥಸೋನ್ ಕೊಟ್ಟರೆ ಅದು ಏರುತ್ತಿತ್ತು. ಹಾಗಾದರೆ ದೋಷ ಇರುವುದೂ ಆ ಮಾರ್ಗದಲ್ಲೇ ಇರಬಹುದಲ್ಲವೇ? ಅದೇ ಮಾರ್ಗದ ಪಿಆರ್‌ಕೆಎಆರ್1ಎ ಅಲ್ಲೇ ಪಕ್ಕದಲ್ಲಿತ್ತು. 2000ದಲ್ಲಿ ಲಾರೆನ್ಸ್ ಕಿರ್ಷ್‌ನರ್ ಮೊದಲ ಲೇಖಕರಾಗಿದ್ದ ಪ್ರಬಂಧ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂತು. ಸಂಬಂಧವಿಲ್ಲದ ಮೂರು ಕುಟುಂಬಗಳಲ್ಲಿ ಈ ಜೀನ್‌ನಲ್ಲಿ ಒಂದೇ ಬಗೆಯ ದೋಷ, ಇನ್ನೂ ಮೂರು ಕುಟುಂಬಗಳಲ್ಲಿ ಬೇರೆ ಬೇರೆ ದೋಷ ಸಿಕ್ಕಿದ್ದವು. ಅದೇ ವರ್ಷ ಬ್ಯಾಸನ್ ಗುಂಪೂ ಸ್ವತಂತ್ರವಾಗಿ ಮೂರು ಕುಟುಂಬಗಳಲ್ಲಿ ಅದೇ ಜೀನ್ ಕೆಟ್ಟಿರುವುದನ್ನು ಪ್ರಕಟಿಸಿತು.

ಎರಡೂ ಪ್ರಬಂಧಗಳನ್ನು ಜೊತೆಗಿಟ್ಟು ಓದಿದರೆ ಒಂದು ಕಡೆ ಮಾತು ಬೇರೆಯಾಗುತ್ತದೆ. ಕಿರ್ಷ್‌ನರ್ ಅವರು ಗೆಡ್ಡೆಗಳಲ್ಲಿ ಜೀನ್‌ನ ಉಳಿದ ಒಳ್ಳೆಯ ಪ್ರತಿಯೂ ಕಳೆದುಹೋಗಿರುವುದನ್ನು ಕಂಡರು. ಬ್ಯಾಸನ್ ಗುಂಪು ಪರೀಕ್ಷಿಸಿದ ಹೃದಯದ ಗೆಡ್ಡೆಯಲ್ಲಿ ಒಳ್ಳೆಯ ಪ್ರತಿ ಇನ್ನೂ ಇತ್ತು, ಪ್ರೋಟೀನನ್ನೂ ತಯಾರಿಸುತ್ತಿತ್ತು. ಕೆಲವು ಅಂಗಗಳಲ್ಲಿ ಅರ್ಧ ಕೊರತೆಯೇ ಸಾಕು, ಕೆಲವು ಕಡೆ ಪೂರ್ತಿ ನಷ್ಟ ಬೇಕು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಈ ಜೀನ್ 2000ದಲ್ಲಿ ಹೊಸದಾಗಿ ಕಂಡದ್ದಲ್ಲ ಅನ್ನುವುದು ನನಗೆ ಈ ಓದಿನಲ್ಲಿ ಅತ್ಯಂತ ಅಚ್ಚರಿ ಕೊಟ್ಟ ಸಂಗತಿ. ಬೇರೊಂದು ಹೆಸರಿನಲ್ಲಿ, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆಯೊಂದರ ಉತ್ತರವಾಗಿ ಅದು ಗ್ರಂಥಾಲಯಗಳ ಕಪಾಟಿನಲ್ಲಿ ಕೂತಿತ್ತು. ಆ ಪ್ರಶ್ನೆ ಇದು: ಯಕೃತ್ತಿನ ಗೆಡ್ಡೆಯ ಜೀವಕೋಶವನ್ನೂ ಸಂಯೋಜಕ ಅಂಗಾಂಶದ ಸಾಮಾನ್ಯ ಜೀವಕೋಶವನ್ನೂ ಬೆಸೆದು ಒಂದು ಮಾಡಿದರೆ, ಯಕೃತ್ತಿನ ವಿಶೇಷ ಗುಣಗಳು ಆರಿಹೋಗುತ್ತವೆ. ಏಕೆ? 1984ರಲ್ಲಿ ಆನ್ ಕಿಲರಿ ಮತ್ತು ಕೀತ್ ಫೋರ್ನಿಯರ್ ಇಲಿಯ ಕೋಶದ ವರ್ಣತಂತುಗಳನ್ನು ಬಿಡಿಬಿಡಿಯಾಗಿ ವರ್ಗಾಯಿಸಿ, 11ನೇ ವರ್ಣತಂತುವೊಂದೇ ಬಂದರೂ ಯಕೃತ್ತಿನ ಒಂದು ಕಿಣ್ವದ ತಯಾರಿ ನಿಲ್ಲುತ್ತದೆ ಎಂದು ತೋರಿಸಿದರು. ಅಲ್ಲಿರುವ ಯಾವುದೋ ಜೀನ್ ಈ ಆರಿಸುವ ಕೆಲಸ ಮಾಡುತ್ತಿದೆ. ಅದಕ್ಕೆ ಟಿಎಸ್ಇ1 ಎಂದು ಹೆಸರಾಯಿತು. ಮನುಷ್ಯರಲ್ಲಿ ಅದರ ಜೋಡಿ ಇರುವುದು 17ನೇ ವರ್ಣತಂತುವಿನಲ್ಲಿ ಎಂದೂ ತಿಳಿಯಿತು.

ಜೀನ್‌ಗಳ ಚಟುವಟಿಕೆಯನ್ನೇ ಆರಿಸಬಲ್ಲದ್ದು ಡಿಎನ್ಎಗೆ ಅಂಟಿಕೊಳ್ಳುವ ಪ್ರೋಟೀನ್ ಆಗಿರಬೇಕು ಎಂಬ ನಿರೀಕ್ಷೆ ಸಹಜವಾಗಿತ್ತು. 1991ರಲ್ಲಿ ಸೆಲ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಎರಡು ಪ್ರಬಂಧಗಳು ಬಂದವು. ಒಂದು ಜರ್ಮನಿಯ ಗುಂಥರ್ ಶ್ಯೂಟ್ಸ್ ಗುಂಪಿನದು, ಇನ್ನೊಂದು ಫೋರ್ನಿಯರ್ ಗುಂಪಿನದು. ಇಬ್ಬರ ಉತ್ತರವೂ ಒಂದೇ: ಟಿಎಸ್ಇ1 ಅಂದರೆ ಪ್ರೋಟೀನ್ ಕೈನೇಸ್ ಎ ಕಿಣ್ವದ ನಿಯಂತ್ರಕ ಉಪಘಟಕ, ಆರ್‌ಒನ್ ಆಲ್ಫಾ. ಯಕೃತ್ತಿನ ಆ ಕಿಣ್ವದ ತಯಾರಿ ನಡೆಯಬೇಕಾದರೆ ಪ್ರೋಟೀನ್ ಕೈನೇಸ್ ಎ ಚುರುಕಾಗಿರಬೇಕು. ಇನ್ನೊಂದು ಕೋಶದಿಂದ ನಿಯಂತ್ರಕ ಧಾರಾಳವಾಗಿ ಬಂದಾಗ ಕೈನೇಸ್ ಮಣಿಯುತ್ತದೆ, ತಯಾರಿ ನಿಲ್ಲುತ್ತದೆ. ಎರಡು ವರ್ಷಗಳ ನಂತರ, 1993ರಲ್ಲಿ, ಇಟಲಿಯ ಮಿಲಾನಿನ ಸಂಶೋಧಕರಿಗೆ ಥೈರಾಯ್ಡ್ ಕ್ಯಾನ್ಸರಿನ ಒಂದು ಬೆಸೆದ ಜೀನ್‌ನಲ್ಲಿ ಇದೇ ಜೀನ್‌ನ ತುಂಡು ಸಿಕ್ಕಿತು. ಕಾರ್ನೀ ರೋಗಿಗಳಲ್ಲಿ ಥೈರಾಯ್ಡ್ ಗೆಡ್ಡೆಗಳು ಕಾಣಿಸಿಕೊಳ್ಳುತ್ತವೆ ಅನ್ನುವುದನ್ನು ನೆನೆದರೆ, ಈ ಕಾಗದಗಳೆಲ್ಲ ಒಂದೇ ಮೇಜಿನ ಮೇಲೆ ಮೊದಲೇ ಸೇರಿದ್ದರೆ ಏನಾಗುತ್ತಿತ್ತೋ ಎಂದು ಮನಸ್ಸು ಕೇಳುತ್ತದೆ.

ಇಷ್ಟೆಲ್ಲ ಮಾಡುವ ಈ ಉಪಘಟಕದ ಕೆಲಸವೇನು? 1958ರಲ್ಲಿ ಅರ್ಲ್ ಸದರ್ಲ್ಯಾಂಡ್ ಮತ್ತು ಥಿಯೊಡೋರ್ ರಾಲ್ ಸೈಕ್ಲಿಕ್ ಎಎಂಪಿಯನ್ನು ವರ್ಣಿಸಿದರು. ಸದರ್ಲ್ಯಾಂಡ್ ಅವರಿಗೆ 1971ರ ನೊಬೆಲ್ ಬಂತು. ಅನೇಕ ಹಾರ್ಮೋನುಗಳು ಕೋಶದ ಹೊರಗೆ ಬಂದು ನಿಂತಾಗ ಒಳಗೆ ಸುದ್ದಿ ಮುಟ್ಟಿಸುವುದು ಈ ಪುಟ್ಟ ಅಣು. ಆ ಸುದ್ದಿಯನ್ನು ಕೇಳಿ ಕೆಲಸಕ್ಕಿಳಿಯುವ ಕಿಣ್ವ ಪ್ರೋಟೀನ್ ಕೈನೇಸ್ ಎ. ಇದನ್ನು 1968ರಲ್ಲಿ ಪ್ರಕಟಿಸಿದವರು ಎಡ್ವಿನ್ ಕ್ರೆಬ್ಸ್ ಮತ್ತು ಸಂಗಡಿಗರು. ಈ ಕಿಣ್ವ ಇತರ ಪ್ರೋಟೀನ್‌ಗಳ ಮೇಲೆ ಫಾಸ್ಫೇಟ್ ಅಂಟಿಸಿ ಅವುಗಳ ನಡತೆ ಬದಲಿಸುತ್ತದೆ.

ಸುಮ್ಮನಿರುವಾಗ ಈ ಕಿಣ್ವದಲ್ಲಿ ನಾಲ್ಕು ತುಂಡುಗಳು ಕೂಡಿರುತ್ತವೆ: ಕೆಲಸ ಮಾಡುವವು ಎರಡು, ತಡೆಯುವವು ಎರಡು. ತಡೆಯುವ ತುಂಡಿನ ಒಂದು ಎಳೆ ಕೆಲಸದ ತುಂಡಿನ ಸಕ್ರಿಯ ಜಾಗದೊಳಗೆ ಹೋಗಿ ಕೂರುತ್ತದೆ. ನೋಡಲು ಅದು ಫಾಸ್ಫೇಟ್ ಅಂಟಿಸಿಕೊಳ್ಳುವ ಪ್ರೋಟೀನಿನಂತೆಯೇ ಇದೆ. ಆದರೆ ಅಂಟಿಸಬೇಕಾದ ಜಾಗದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲದ ಬದಲು ಅಲನಿನ್ ಇರುವುದರಿಂದ ಅಂಟಿಸಲು ಆಗುವುದಿಲ್ಲ. ಎಡೆಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಾರಲ್ಲ, ಆರ್‌ಒನ್ ಆಲ್ಫಾ ಕೈನೇಸ್‌ನ ಬಾಯಿಗೆ ಕಟ್ಟಿದ ಅಂಥ ಕುಕ್ಕೆ. ಪ್ರತಿ ನಿಯಂತ್ರಕಕ್ಕೂ ಎರಡೆರಡು ಸೈಕ್ಲಿಕ್ ಎಎಂಪಿ ಅಣುಗಳು ಬಂದು ಕೂತಾಗ ಅದರ ಆಕಾರ ಬದಲಾಗಿ ಕುಕ್ಕೆ ಬಿಚ್ಚುತ್ತದೆ, ಕಿಣ್ವ ಸಡಿಲಗೊಳ್ಳುತ್ತದೆ. ಸಂದೇಶ ಕರಗಿದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಸೂಸನ್ ಟೇಲರ್ ಅವರ ಪ್ರಯೋಗಾಲಯ 1991ರಿಂದ ಒಂದೊಂದಾಗಿ ಪ್ರಕಟಿಸಿದ ಹರಳು ರಚನೆಗಳಲ್ಲಿ ಈ ಬಿಚ್ಚಿ ಕಟ್ಟುವ ಕ್ರಿಯೆಯನ್ನು ಅಣು ಅಣುವಾಗಿ ನೋಡಬಹುದು.

ಮನುಷ್ಯರಲ್ಲಿ ಇಂಥ ನಿಯಂತ್ರಕಗಳು ನಾಲ್ಕು ಬಗೆ, ನಾಲ್ಕಕ್ಕೂ ಬೇರೆ ಜೀನ್‌ಗಳು. ಆರ್‌ಒನ್ ಆಲ್ಫಾ ಪೂರ್ತಿ ಇಲ್ಲದ ಇಲಿಮರಿಗಳು ಭ್ರೂಣದಲ್ಲೇ ಸಾಯುತ್ತವೆ. 381 ಅಮೈನೋ ಆಮ್ಲಗಳ ಈ ಪ್ರೋಟೀನಿಗೆ ಬದಲಿ ಸಿಗುವುದು ಸುಲಭವಲ್ಲ. ಕಾರ್ನೀ ರೋಗಿಗಳಲ್ಲಿ ಜೀನ್‌ನ ಒಂದು ಪ್ರತಿ ಸಾಮಾನ್ಯವಾಗಿ ಅವಧಿಗೆ ಮುಂಚೆಯೇ ನಿಂತುಹೋಗುವ ಸಂದೇಶ ಕೊಡುತ್ತದೆ. ಕೋಶ ಆ ತುಂಡು ಸಂದೇಶವನ್ನು ಗುರುತಿಸಿ ನಾಶ ಮಾಡುತ್ತದೆ. ಉಳಿಯುವುದು ಅರ್ಧ ನಿಯಂತ್ರಕ. ಕಾರ್ಟಿಸಾಲ್ ತಯಾರಿಸು ಅನ್ನುವ ಆಜ್ಞೆ ಬಾರದಿದ್ದರೂ ಅಡ್ರಿನಲ್ ಗ್ರಂಥಿ ತಯಾರಿಸುತ್ತದೆ. ಬೆಳೆಯಬಾರದ ಕೋಶಗಳು ಬೆಳೆಯುತ್ತವೆ.

ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಇದೇ ಜೀನ್‌ನಲ್ಲಿ ಸಿಕ್ಕಿತು. 2011ರಲ್ಲಿ ಫ್ರಾನ್ಸಿನ ಆಗ್ನೆಸ್ ಲಾಂಗ್ಲಾರ್ ಮತ್ತು ಸಂಗಡಿಗರು ಅಕ್ರೋಡಿಸಾಸ್ಟೋಸಿಸ್ ಇದ್ದ ಮೂವರನ್ನು ಪರೀಕ್ಷಿಸಿದರು. ಮೊಟಕು ಬೆರಳುಗಳು, ಚಪ್ಪಟೆ ಮೂಗು, ಹಾರ್ಮೋನು ಇದ್ದರೂ ಕಿವಿಗೊಡದ ದೇಹ. ಮೂವರಲ್ಲೂ ಪಿಆರ್‌ಕೆಎಆರ್1ಎ ಜೀನ್‌ನ ಬಾಲದ ಬಳಿ, 368ನೇ ಜಾಗದಲ್ಲಿ, ಒಂದೇ ದೋಷ. ಇಲ್ಲಿ ಪ್ರೋಟೀನ್ ತಯಾರಾಗುತ್ತದೆ, ಆದರೆ ಕೊನೆಯ ಒಂದಿಷ್ಟು ಭಾಗ ಇರುವುದಿಲ್ಲ. ಸೈಕ್ಲಿಕ್ ಎಎಂಪಿ ಎಷ್ಟು ಬಂದರೂ ಕುಕ್ಕೆ ಸರಿಯಾಗಿ ಬಿಚ್ಚುವುದಿಲ್ಲ. ಒಂದು ಜೀನ್‌ನ ಒಂದು ಬಗೆಯ ಕೆಡುಕು ಹಾರ್ಮೋನು ಮಾರ್ಗವನ್ನು ಮಿತಿಮೀರಿ ಓಡಿಸುತ್ತದೆ, ಇನ್ನೊಂದು ಬಗೆಯದು ಅದನ್ನೇ ಉಸಿರುಗಟ್ಟಿಸುತ್ತದೆ. ಜೀನ್ ಕೆಟ್ಟಿದೆ ಎಂದಷ್ಟೇ ವೈದ್ಯರಿಗೆ ತಿಳಿದರೆ ಸಾಲದು, ಎಲ್ಲಿ ಹೇಗೆ ಕೆಟ್ಟಿದೆ ಅನ್ನುವುದೂ ಬೇಕು.

ಈಗ ಕಶಿಂಗ್ ಅವರ ಸಂಗ್ರಹಕ್ಕೆ ಮರಳಬೇಕು. 1932ರಲ್ಲಿ ಬಾಸ್ಟನ್ನಿನಿಂದ ನಿವೃತ್ತರಾಗಿ ಅವರು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಮಿದುಳು ಗೆಡ್ಡೆಗಳ ಆ ದೊಡ್ಡ ದಾಖಲಾತಿಯೂ ಅಲ್ಲಿಗೇ ಸಾಗಿತು: 2,000ಕ್ಕೂ ಹೆಚ್ಚು ರೋಗಿಗಳ ಚರಿತ್ರೆ, ಜಾಡಿಗಳಲ್ಲಿ ಮಿದುಳು, ಗೆಡ್ಡೆ, ಸ್ಲೈಡು, ಸಾವಿರಾರು ಛಾಯಾಚಿತ್ರಗಳ ನೆಗೆಟಿವ್. ಅದನ್ನು ಕಾಪಾಡಿದವರು ಲೂಯಿಸ್ ಐಸೆನ್‌ಹಾರ್ಟ್. 1915ರಲ್ಲಿ ಕಶಿಂಗ್ ಅವರ ಬಳಿ ಸಂಪಾದನಾ ಸಹಾಯಕಿಯಾಗಿ ಸೇರಿ, ಆಮೇಲೆ ವೈದ್ಯಕೀಯ ಓದಿ, ಮಿದುಳು ಗೆಡ್ಡೆಗಳ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ಅಧಿಕಾರವಾಣಿಯಾದವರು. 1944ರಲ್ಲಿ ಶುರುವಾದ ಜರ್ನಲ್ ಆಫ್ ನ್ಯೂರೋಸರ್ಜರಿಯ ಮೊದಲ ಸಂಪಾದಕಿ. ಕಶಿಂಗ್ ಅವರ ಹೆಸರಿನ ನೆರಳಿನಲ್ಲಿ ಐಸೆನ್‌ಹಾರ್ಟ್ ಅವರ ದುಡಿಮೆ ಮರೆಯಾಗುವುದು ನನಗೆ ನೋವು ತರುತ್ತದೆ. ಅವರ ಪಟ್ಟಿ, ಸಂಖ್ಯೆ, ಲೇಬಲ್ ಇಲ್ಲದಿದ್ದರೆ ಆ ಜಾಡಿಗಳು ಯಾರವೆಂದು ಯಾರೂ ಹೇಳಲಾಗುತ್ತಿರಲಿಲ್ಲ.

ಕಾಲ ಕಳೆದಂತೆ ಸಂಗ್ರಹ ಮೂಲೆಗುಂಪಾಯಿತು. ಯೇಲ್ ವೈದ್ಯಕೀಯ ವಿದ್ಯಾರ್ಥಿನಿಲಯದ ನೆಲಮಾಳಿಗೆಯಲ್ಲಿ ಜಾಡಿಗಳು ಧೂಳು ಹಿಡಿದು ಕೂತವು. ವಿದ್ಯಾರ್ಥಿಗಳು ಕುತೂಹಲಕ್ಕೆ ಕದ್ದು ಇಳಿದು ನೋಡಿ ಬರುತ್ತಿದ್ದರು. ಅವರಲ್ಲಿ ಒಬ್ಬರಾದ ಕ್ರಿಸ್ಟೋಫರ್ ವಾಲ್ 1990ರ ದಶಕದಲ್ಲಿ ಈ ಸಂಗ್ರಹವನ್ನೇ ತಮ್ಮ ಪ್ರಬಂಧದ ವಿಷಯ ಮಾಡಿಕೊಂಡರು. ನರಶಸ್ತ್ರಚಿಕಿತ್ಸಾ ವಿಭಾಗದ ಡೆನ್ನಿಸ್ ಸ್ಪೆನ್ಸರ್ ಅವರ ಬೆಂಬಲದಿಂದ ಜಾಡಿಗಳ ಜೀರ್ಣೋದ್ಧಾರ ನಡೆಯಿತು. 2010ರಲ್ಲಿ ಯೇಲ್‌ನ ವೈದ್ಯಕೀಯ ಗ್ರಂಥಾಲಯದೊಳಗೆ ಕಶಿಂಗ್ ಸೆಂಟರ್ ತೆರೆಯಿತು.

ಸಿಂಥಿಯಾ ತ್ಸೇ, ಸ್ಟ್ರಟಾಕಿಸ್ ಮೊದಲಾದವರು ಈ ಸಂಗ್ರಹವನ್ನು ಜೀನ್ ಪರೀಕ್ಷೆಯ ಕಣ್ಣಿನಿಂದ ನೋಡಿದರು. 1913ರಿಂದ 1932ರ ನಡುವೆ ಕಶಿಂಗ್ ಚಿಕಿತ್ಸೆ ಮಾಡಿದ ಪಿಟ್ಯುಟರಿ ಗೆಡ್ಡೆಯ ರೋಗಿಗಳ ಅಂಗಾಂಶ ಆರಿಸಿಕೊಂಡರು. ಸುಲಭದ ಕೆಲಸವಲ್ಲ. ಫಾರ್ಮಾಲಿನ್ ಅಂಗಾಂಶದ ಆಕಾರವನ್ನು ಉಳಿಸುತ್ತದೆ, ಡಿಎನ್ಎಯನ್ನು ಚೂರುಚೂರು ಮಾಡುತ್ತದೆ. ಪಿಟ್ಯುಟರಿ ಮತ್ತು ಅಡ್ರಿನಲ್ ರೋಗಗಳಿಗೆ ಸಂಬಂಧಿಸಿದ ಐದು ಜೀನ್‌ಗಳನ್ನು ಓದಲು ಅವರು ಪ್ರಯತ್ನಿಸಿದರು. ಒಬ್ಬ ರೋಗಿಯಲ್ಲಿ ಉತ್ತರ ಸಿಕ್ಕಿತು. ಆ ರೋಗಿಯನ್ನು ಕಶಿಂಗ್ 1914ರಲ್ಲಿ ವರ್ಣಿಸಿದ್ದರು. ಬರೆದಿಟ್ಟ ಲಕ್ಷಣಗಳು ಮತ್ತು ಮರಣೋತ್ತರ ಪರೀಕ್ಷೆಯ ವಿವರಗಳು ಇವತ್ತಿನ ಕಣ್ಣಿಗೆ ಕಾರ್ನೀ ಕಾಂಪ್ಲೆಕ್ಸನ್ನೇ ಸೂಚಿಸುತ್ತಿದ್ದವು. ಪಿಆರ್‌ಕೆಎಆರ್1ಎ ಪ್ರೋಟೀನಿನ 74ನೇ ಜಾಗದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಹಿಸ್ಟಿಡೀನ್ ಇತ್ತು. ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಆಗುವ ವ್ಯತ್ಯಾಸ ಅದು. 74ನೇ ಜಾಗದ ಬದಲಾವಣೆ ಕಾರ್ನೀ ರೋಗಿಗಳಲ್ಲಿ ಮೊದಲೇ ಕಂಡದ್ದೇ. ಹಿಸ್ಟಿಡೀನ್ ಬಂದದ್ದು ಮಾತ್ರ ಹೊಸದು. ಬದಲಾವಣೆ ಗೆಡ್ಡೆಯಲ್ಲೂ ಇತ್ತು, ಮಿದುಳಿನ ಹೈಪೊಥಲಾಮಸ್ ಭಾಗದಲ್ಲೂ ಇತ್ತು. ಗೆಡ್ಡೆಯಲ್ಲಿ ಮಾತ್ರ ಇದ್ದಿದ್ದರೆ ಅದು ನಡುವೆ ಹುಟ್ಟಿದ್ದು ಎನ್ನಬಹುದಿತ್ತು. ಎರಡೂ ಕಡೆ ಇದ್ದದ್ದರಿಂದ ಹುಟ್ಟಿನಿಂದಲೇ ಬಂದದ್ದೆಂದು ಅವರು ತೀರ್ಮಾನಿಸಿದರು.

ನಾನು ಈ ಪ್ರಬಂಧವನ್ನು ಮತ್ತೆ ಮತ್ತೆ ಓದುವಾಗ ನಿಲ್ಲುವುದು ಕಶಿಂಗ್ ಅವರ ಟಿಪ್ಪಣಿಯ ವಿಷಯ ಬರುವಲ್ಲಿ. ಜೀನ್‌ನ ಅಕ್ಷರ ಬದಲಾಗಿದೆ ಎಂದಷ್ಟೇ ಸಿಕ್ಕಿದ್ದರೆ ಅದು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. 1914ರಲ್ಲಿ ಡಿಎನ್ಎ ಜೀನ್‌ಗಳ ವಸ್ತು ಅನ್ನುವುದೇ ತಿಳಿದಿರಲಿಲ್ಲ, ಕಾರ್ಟಿಸಾಲ್ ಗೊತ್ತಿರಲಿಲ್ಲ. ತನಗೆ ಅರ್ಥವಾಗದ್ದನ್ನು ಕಶಿಂಗ್ ಬಿಟ್ಟುಬಿಡಲಿಲ್ಲ, ತನ್ನ ವಾದಕ್ಕೆ ಹೊಂದುವುದನ್ನಷ್ಟೇ ಆರಿಸಿ ಬರೆಯಲಿಲ್ಲ. ಸಾವಿನ ನಂತರ ದೇಹದ ಇತರ ಅಂಗಗಳಲ್ಲಿ ಕಂಡದ್ದನ್ನೂ ದಾಖಲಿಸಿಟ್ಟರು. ವೈದ್ಯರಿಂದ ನಾವು ಬಯಸಬೇಕಾದ ದೊಡ್ಡ ಪ್ರಾಮಾಣಿಕತೆ ಇದೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಜಾಡಿಯಲ್ಲಿ ಇರುವುದು ಒಬ್ಬ ಮನುಷ್ಯನ ಮಿದುಳಿನ ಭಾಗ. ಮುಂದೊಂದು ದಿನ ತನ್ನ ವಂಶದ ಗುಟ್ಟನ್ನು ಇದರಿಂದ ಓದುತ್ತಾರೆ ಎಂದು ಆ ರೋಗಿ ಊಹಿಸಿರಲು ಸಾಧ್ಯವೇ ಇರಲಿಲ್ಲ. ಮಿನ್ನೀ ಜಿ.ಯ ಬೆತ್ತಲೆ ದೇಹದ ಚಿತ್ರಗಳು ಇವತ್ತಿಗೂ ಪಠ್ಯಗಳಲ್ಲಿ ಅಚ್ಚಾಗುತ್ತವೆ. ಆಕೆಯನ್ನು ಯಾರಾದರೂ ಕೇಳಿದ್ದರೇ? ಅಂದಿನ ಆಸ್ಪತ್ರೆಗಳಲ್ಲಿ ಬಡವರ ಒಪ್ಪಿಗೆಗೆ ಇವತ್ತಿನ ಬೆಲೆ ಇರಲಿಲ್ಲ. ಈ ಸಂಗ್ರಹದಿಂದ ವಿಜ್ಞಾನಕ್ಕೆ ಬಂದ ಲಾಭ ದೊಡ್ಡದು, ಅದರ ಋಣ ಆ ರೋಗಿಗಳಿಗೆ ಸೇರಿದ್ದು ಎಂಬುದನ್ನು ಜೀನ್ ಪ್ರಬಂಧಗಳೂ ಬಾಯಿಬಿಟ್ಟು ಹೇಳಬೇಕು.

ಮಿನ್ನೀ ಜಿ.ಯ ಪ್ರಶ್ನೆ ಹಾಗೆಯೇ ಉಳಿದಿದೆ. 2ನೇ ವರ್ಣತಂತುವಿನ ಪ್ರಶ್ನೆಯೂ ಉಳಿದಿದೆ. ಕಾರ್ನೀ ಕಾಂಪ್ಲೆಕ್ಸ್ ಇರುವವರಲ್ಲಿ ಸುಮಾರು ನೂರಕ್ಕೆ 70 ಮಂದಿಯಲ್ಲಿ ಪಿಆರ್‌ಕೆಎಆರ್1ಎ ದೋಷ ಸಿಗುತ್ತದೆ. ಉಳಿದ ಕೆಲವು ಕುಟುಂಬಗಳು 1996ರಲ್ಲಿ ಗುರುತಿಸಿದ ಆ ಇನ್ನೊಂದು ತಾಣದ ಕಡೆ ತೋರಿಸುತ್ತವೆ. ಅಲ್ಲಿನ ಜೀನ್ ಯಾವುದೆಂದು ಇನ್ನೂ ಖಚಿತವಾಗಿಲ್ಲ. ಈ ವ್ಯತ್ಯಾಸ ಮನೆಯ ಮಟ್ಟದಲ್ಲಿ ಬಹಳ ದೊಡ್ಡದು. ಪಿಆರ್‌ಕೆಎಆರ್1ಎ ದೋಷ ಗೊತ್ತಿರುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಒಂದು ರಕ್ತಪರೀಕ್ಷೆ ಮಾಡಿಸಿ, ದೋಷ ಬಂದಿಲ್ಲವೆಂದು ತಿಳಿದರೆ, ಆ ಮಗುವಿನ ಪಾಲಿಗೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಜೀನ್ ಗೊತ್ತಿಲ್ಲದ ಮನೆಗಳಲ್ಲಿ ಯಾವ ಮಗುವಿಗೆ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ಹೇಳುವ ಪರೀಕ್ಷೆ ಇಲ್ಲ. ಅಲ್ಲಿ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆ ಹೃದಯದ ಎಕೋ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು.